ಕಾರಿನೊಳಗಿನ ಸದ್ದು ಇಳಿಸಲು ಡ್ಯಾಂಪಿಂಗ್ ಶೀಟ್: ಎಲ್ಲಿ, ಎಷ್ಟು, ಹೇಗೆ

ಕಾರಿನ ಬಾಗಿಲಿನ ಹೊರತಗಡಿನ ನಡುಭಾಗಕ್ಕೆ ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿ ನೋಡಿ. ಠಣ್ ಅಂತ ಖಾಲಿ ಡಬ್ಬದ ಸದ್ದು ಬರುತ್ತದೆ. ಈಗ ಅದೇ ಬಾಗಿಲಿನ ಅಂಚಿಗೆ ಕುಟ್ಟಿ. ದಬ್ ಅಂತ ಅಲ್ಲೇ ನಿಲ್ಲುತ್ತದೆ, ಯಾಕೆಂದರೆ ಅಲ್ಲಿ ತಗಡು ಮಡಚಿಕೊಂಡು ಗಟ್ಟಿಯಾಗಿದೆ, ಅದುರುವುದಿಲ್ಲ. ಡ್ಯಾಂಪಿಂಗ್ ಶೀಟ್, ಅಂದರೆ ತಗಡಿನ ಒಳಮೈಗೆ ಅಂಟಿಸುವ ರಬ್ಬರಿನಂಥ ಹಾಳೆ, ಮಾಡುವ ಕೆಲಸ ಇಷ್ಟೇ, ಠಣ್ ಅನ್ನುವುದನ್ನು ದಬ್ ಮಾಡುವುದು. ಇದಕ್ಕಿಂತ ಜಾಸ್ತಿ ಅದರಿಂದ ಬಯಸಿದರೆ ದುಡ್ಡೂ ದಂಡ, ಬೆನ್ನುನೋವೂ ಉಚಿತ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ತುಂಬ ಜನ ಶೀಟ್ ತರಿಸಿ, ಸಿಕ್ಕ ತಗಡಿಗೆಲ್ಲ ಎರಡೆರಡು ಪದರ ಅಂಟಿಸಿ, ಆಮೇಲೆ ಹೈವೇಯಲ್ಲಿ ಅದೇ ಸುಯ್ ಸದ್ದು ಕೇಳಿ ಬೇಜಾರು ಮಾಡಿಕೊಳ್ಳುತ್ತಾರೆ. ಶೀಟ್ ತಪ್ಪಿಲ್ಲ. ಆ ಸದ್ದು ಗಾಳಿಯದು, ಬಾಗಿಲಿನ ಬೀಡಿಂಗ್ (ಸುತ್ತಲಿನ ರಬ್ಬರ್ ಪಟ್ಟಿ) ಸಂದಿಯಿಂದ ಬರುತ್ತಿತ್ತು, ತಗಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಯಾವ ಸದ್ದು, ಯಾವ ದಾರಿಯಲ್ಲಿ ಬರುತ್ತಿದೆ ಅನ್ನುವುದು ಗೊತ್ತಾದರೆ ಅರ್ಧ ಸಾಮಾನಿನಲ್ಲೇ ಕೆಲಸ ಮುಗಿಯುತ್ತದೆ.

ಮೊದಲು ಕಿವಿಗೆ ಕೆಲಸ

ಬೇರೆಯವರ ಕೈಗೆ ಸ್ಟೇರಿಂಗ್ ಕೊಟ್ಟು ನೀವು ಪಕ್ಕದಲ್ಲಿ, ಆಮೇಲೆ ಹಿಂದಿನ ಸೀಟಿನಲ್ಲಿ ಸುಮ್ನೆ ಕೂತು ಕೇಳಿ. ಮ್ಯೂಸಿಕ್ ಬೇಡ, ಎಸಿ ಫ್ಯಾನೂ ಬೇಡ. ಗಾಡಿ ನಿಂತಿದ್ದಾಗ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೂ ಆ ಸದ್ದು ಬಂದರೆ ಅದು ಎಂಜಿನ್ ಅಥವಾ ಸೈಲೆನ್ಸರ್ ಕಡೆಯದು. ವೇಗದ ಜೊತೆ ಏರಿ, ಒರಟು ರಸ್ತೆಯಿಂದ ನುಣುಪು ರಸ್ತೆಗೆ ಬಂದ ಕೂಡಲೇ ಇಳಿದರೆ ಟೈರಿನದು. ರಸ್ತೆ ಹೇಗಿದ್ದರೂ ಬದಲಾಗದೆ, 80-90 ಕಿಮೀ ದಾಟಿದ ಮೇಲೆ ಕಿವಿಯ ಪಕ್ಕದಲ್ಲೇ ಸುಯ್ ಅಂದರೆ ಗಾಳಿ. ಹೊಂಡ ಸಿಕ್ಕಾಗ ಮಾತ್ರ ಕಟಕಟ ಅಂದರೆ ಯಾವುದೋ ಪ್ಲಾಸ್ಟಿಕ್ ಸಡಿಲ.

ಇನ್ನೊಂದು ಸದ್ದಿದೆ, ವೇಗಕ್ಕೆ ತಕ್ಕಂತೆ ಏರುವ ಗೊರಗೊರ, ಸ್ಟೇರಿಂಗ್ ಒಂದು ಕಡೆ ತಿರುಗಿಸಿದಾಗ ಜೋರಾಗಿ ಇನ್ನೊಂದು ಕಡೆ ತಿರುಗಿಸಿದಾಗ ಕಡಿಮೆಯಾಗುವಂಥದ್ದು. ಅದು ಹೆಚ್ಚಾಗಿ ವೀಲ್ ಬೇರಿಂಗ್. ಅದನ್ನು ಶೀಟ್ ಹಾಕಿ ಮುಚ್ಚಿಡಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಎಂಜಿನ್ ಮೌಂಟ್ ಸವೆದಿದ್ದರೂ, ಸೈಲೆನ್ಸರ್ ತೂತಾಗಿದ್ದರೂ ಇದೇ ಮಾತು. ಟೈರ್ ಗಾಳಿ ಹೆಚ್ಚಾಗಿದೆಯಾ, ಟೈರ್ ಒಂದೇ ಕಡೆ ಸವೆದಿದೆಯಾ ಅನ್ನುವುದನ್ನೂ ನೋಡಿ. ಹಳೇ ಗಟ್ಟಿ ಟೈರ್ ಬದಲಿಸಿದ್ದರಿಂದಲೇ ಇಳಿಯುವಷ್ಟು ಸದ್ದು ಎಷ್ಟೋ ಸಲ ಹತ್ತು ಕಿಲೋ ಶೀಟ್ ಅಂಟಿಸಿದರೂ ಇಳಿಯುವುದಿಲ್ಲ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಮುಂದೆ ಉಪಯೋಗಕ್ಕೆ ಬರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಉರಿಯುತ್ತದೆ, ಅಂದರೆ 100 ಹರ್ಟ್ಸ್‌ನ ಗುಂ ಸದ್ದು. ಮೂರು ಸಿಲಿಂಡರಿನದಾದರೆ 75 ಹರ್ಟ್ಸ್. ಗಾಳಿಯಲ್ಲಿ 100 ಹರ್ಟ್ಸ್ ಅಲೆಯ ಉದ್ದ ಸುಮಾರು 3.4 ಮೀಟರ್. ಅಷ್ಟು ಉದ್ದದ ಅಲೆಯನ್ನು ಒಂದು ಸೆಂಟಿಮೀಟರ್ ಫೋಮ್ ಹೀರಿಕೊಳ್ಳಲ್ಲ, ಯಾರು ಏನೇ ಹೇಳಲಿ. ಇದಕ್ಕೆ ಉಪಾಯ ಅದುರುವ ತಗಡನ್ನು ಸುಮ್ಮನಾಗಿಸುವುದು ಮತ್ತು ಭಾರ ಸೇರಿಸುವುದು ಮಾತ್ರ. ಟೈರ್ ರಸ್ತೆಯ ಮೇಲೆ ಉರುಳುವಾಗಿನ ಸದ್ದು 1000 ಹರ್ಟ್ಸ್ ಆಸುಪಾಸಿನಲ್ಲಿ ಜೋರಾಗಿರುತ್ತದೆ, ಟೈರಿನೊಳಗಿನ ಗಾಳಿ ಮೊಳಗುವುದು 200ರಿಂದ 250 ಹರ್ಟ್ಸ್ ಹತ್ತಿರ. ಗಾಳಿಯ ಸುಯ್ ಇನ್ನೂ ಮೇಲಿನದು, ಅದಕ್ಕೆ ಫೆಲ್ಟ್, ಫೋಮ್ ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಸಂದಿ ಮುಚ್ಚಿದ ಮೇಲೆ ಮಾತ್ರ.

ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು. ನಿಮ್ಮ ಗಾಡಿಯಲ್ಲಿ ಟೈರ್ ಸದ್ದು ಜಾಸ್ತಿ ಅನ್ನಿಸುತ್ತದೆ. ಅದನ್ನು ಅಡಗಿಸಲು ಎಂಜಿನ್ ಸದ್ದೇ ಇಲ್ಲವಲ್ಲ, ಅದಕ್ಕೆ. ನೀವು ಬಾನೆಟ್ ಬಿಟ್ಟು ನೇರವಾಗಿ ಚಕ್ರದ ಮೇಲಿನ ಭಾಗ, ಬಾಗಿಲು, ಡಿಕ್ಕಿ ಕಡೆ ಹೋಗಿ.

ಸಾಮಾನು ಮೂರು ಥರ

ಎಲ್ಲವನ್ನೂ ಸೌಂಡ್ ಪ್ರೂಫಿಂಗ್ ಅಂತ ಒಂದೇ ಹೆಸರಿನಲ್ಲಿ ಮಾರುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲನೆಯದು ಬ್ಯೂಟೈಲ್ ಶೀಟ್, ಮೇಲೆ ಹೇಳಿದ ಡ್ಯಾಂಪಿಂಗ್ ಶೀಟ್ ಇದೇ. ಕರಿ ಅಂಟು ರಬ್ಬರ್ ಪದರ, ಮೇಲೆ ಅಲ್ಯೂಮಿನಿಯಂ ಹಾಳೆ. ಒಟ್ಟು ದಪ್ಪ 1.5ರಿಂದ 3 ಮಿಮೀ ಇರುತ್ತದೆ. ತಗಡು ಅದುರಿದಾಗ ಅದಕ್ಕೂ ಅಲ್ಯೂಮಿನಿಯಂಗೂ ನಡುವೆ ಸಿಕ್ಕಿಕೊಂಡ ರಬ್ಬರ್ ಆಚೀಚೆ ಜಗ್ಗುತ್ತದೆ, ಆ ಜಗ್ಗಾಟದಲ್ಲಿ ಅದುರಿನ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಹಾಗಾಗಿ ಆ ಅಲ್ಯೂಮಿನಿಯಂ ಅಂದಕ್ಕೆ ಹಾಕಿದ್ದಲ್ಲ, ಅದು ಗಟ್ಟಿಯಾಗಿದ್ದಷ್ಟೂ ಕೆಲಸ ಚೆನ್ನಾಗಿ ಆಗುತ್ತದೆ. 100 ಮೈಕ್ರಾನ್ ಆಸುಪಾಸಿನ ಹಾಳೆ ಇರುವುದನ್ನು ತಗೊಳ್ಳಿ. ಉಗುರು ಎಳೆದರೆ ಹರಿದುಹೋಗುವಷ್ಟು ತೆಳುವಾಗಿದ್ದರೆ ಬೇಡ.

ಇದೇ ಥರ ಕಾಣುವ ಡಾಂಬರಿನ ಶೀಟೂ ಸಿಗುತ್ತದೆ, ಬೆಲೆ ಕಡಿಮೆ. ಚಾವಣಿಯ ಬಿರುಕು ಮುಚ್ಚುವ ಅಲ್ಯೂಮಿನಿಯಂ ಟೇಪ್ ಕೂಡ ಸಾಕು ಅಂತ ಕೆಲವರು ಹೇಳುತ್ತಾರೆ. ಒಂದು ತುಂಡಿನ ಹಿಂಬದಿ ಕಾಗದ ಬಿಡಿಸಿ ಮೂಸಿ ನೋಡಿ. ಡಾಂಬರಿನ ವಾಸನೆ ಬಂದರೆ ವಾಪಸ್ ಇಡಿ. ಬಿಸಿಲಿನಲ್ಲಿ ನಿಂತ ಕಾರಿನ ತಗಡು 70 ಡಿಗ್ರಿ ದಾಟುವುದುಂಟು. ಆಗ ಡಾಂಬರು ಮೆತ್ತಗಾಗಿ ಜಾರುತ್ತದೆ, ಕಾರಿನ ತುಂಬ ಆ ವಾಸನೆ ಹಿಡಿಯುತ್ತದೆ, ಬಾಗಿಲಿನೊಳಗೆ ಜಾರಿ ಗಾಜಿನ ಮೆಷಿನ್ನಿಗೆ ಮೆತ್ತಿಕೊಂಡರೆ ಅದನ್ನು ಬಿಡಿಸುವವರ ಕಷ್ಟ ಕೇಳಬೇಡಿ.

ಎರಡನೆಯದು ಫೋಮ್ ಮತ್ತು ಫೆಲ್ಟ್. ಕಾರಿಗೆ ಬೇಕಾದದ್ದು ಮುಚ್ಚಿದ ಕೋಶದ ಫೋಮ್, ಅಂದರೆ ನೀರಿನಲ್ಲಿ ಅದ್ದಿ ಹಿಂಡಿದರೂ ನೀರು ಬರದಂಥದ್ದು. 3ರಿಂದ 6 ಮಿಮೀ ಸಾಕು. ಎರಡು ಗಟ್ಟಿ ವಸ್ತು ಒಂದಕ್ಕೊಂದು ತಾಗದ ಹಾಗೆ ನಡುವೆ ಕೂರುವುದು ಇದರ ಕೆಲಸ, ಸದ್ದು ಹೀರುವುದು ಅಷ್ಟಕ್ಕಷ್ಟೇ. ಹೀರಲು ನೀರು ಹಿಡಿಯದ ಪಾಲಿಯೆಸ್ಟರ್ ಫೆಲ್ಟ್ ಒಳ್ಳೆಯದು, ಖಾಲಿ ಜಾಗ ಇರುವಲ್ಲಿ ಒತ್ತದೆ ಸಡಿಲವಾಗಿ ತುಂಬಬೇಕು. ಹಾಸಿಗೆಯ ಸ್ಪಂಜು, ಥರ್ಮಾಕೋಲ್ ಎರಡೂ ಬೇಡ. ಡಬ್ಬಿಯಿಂದ ಉಬ್ಬಿ ಬರುವ ಸ್ಪ್ರೇ ಫೋಮ್ ಅಂತೂ ಚಾವಣಿ ಹೊರುವ ಕಂಬದೊಳಗೆ, ಬಾಗಿಲೊಳಗೆ ಬಿಡಲೇಬೇಡಿ. ಅದು ನೀರು ಹೋಗುವ ದಾರಿ ಕಟ್ಟುತ್ತದೆ, ತಗಡು ಒಳಗಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಮೂರನೆಯದು ಭಾರದ ವಿನೈಲ್ ಶೀಟ್, ಎಂಎಲ್‌ವಿ ಅಂತ ಮಾರುತ್ತಾರೆ. ಚದರ ಮೀಟರಿಗೆ ಸುಮಾರು 5 ಕೆಜಿ ತೂಗುವ, ಬಾಗುವ ಹಾಳೆ. ಇದು ಅಡ್ಡಗೋಡೆ. ಅಡ್ಡಗೋಡೆಯ ತೂಕ ಎರಡು ಪಟ್ಟಾದರೆ ಲೆಕ್ಕದ ಪ್ರಕಾರ 6 ಡೆಸಿಬಲ್ ಹೆಚ್ಚು ಸದ್ದು ತಡೆಯುತ್ತದೆ. ಆದರೆ ಗೋಡೆಯಲ್ಲಿ ನೂರಕ್ಕೆ ಒಂದು ಭಾಗ ತೂತಿದ್ದರೂ ಸಾಕು, ಉಳಿದದ್ದು ಎಷ್ಟೇ ಭಾರ ಇರಲಿ, 20 ಡೆಸಿಬಲ್‌ಗಿಂತ ಜಾಸ್ತಿ ತಡೆಯಲು ಆಗುವುದಿಲ್ಲ. ಅದಕ್ಕೇ ಎಂಎಲ್‌ವಿ ಹಾಕುವುದಾದರೆ ಅಂಚಿಗೆ ಅಂಚು ಸೇರಿಸಿ ಹಾಕಬೇಕು, ಅಲ್ಲೊಂದು ಇಲ್ಲೊಂದು ತುಂಡು ಹಾಕಿದರೆ ತೂಕ ಮಾತ್ರ ಲಾಭ. ಅದರ ಕೆಳಗೆ ಫೋಮ್ ಇರಲೇಬೇಕು, ನೇರ ತಗಡಿಗೆ ತಾಗಬಾರದು.

ಬ್ಯೂಟೈಲ್ ಲೆಕ್ಕ ಇದಕ್ಕೆ ಉಲ್ಟಾ. ತಗಡನ್ನು ಪೂರ್ತಿ ಮುಚ್ಚಬೇಕಾಗಿಲ್ಲ. ಬಡಿದ ತಟ್ಟೆಯ ಮೇಲೆ ಒಂದು ಬೆರಳಿಟ್ಟರೂ ಸದ್ದು ನಿಲ್ಲುತ್ತದಲ್ಲ, ಹಾಗೆ, ಅದುರುವ ನಡುಭಾಗದಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮುಚ್ಚಿದರೆ ಹೆಚ್ಚಿನ ಲಾಭ ಬಂದಾಯಿತು. ಅದರಾಚೆ ಹಾಕಿದ್ದಕ್ಕೆಲ್ಲ ಸಿಗುವುದು ಚೂರುಪಾರು. 2 ಮಿಮೀ ಶೀಟ್ ಚದರ ಮೀಟರಿಗೆ 3-4 ಕೆಜಿ ಇರುತ್ತದೆ ಅನ್ನುವುದು ನೆನಪಿರಲಿ. ಪೂರ್ತಿ ಮುಚ್ಚಿ ಮೇಲೆ ಎಂಎಲ್‌ವಿ ಹಾಸಿದ ಕಾರು ಯಾವಾಗಲೂ ಒಬ್ಬ ಮನುಷ್ಯನನ್ನು ಜಾಸ್ತಿ ಕೂರಿಸಿಕೊಂಡೇ ಓಡಾಡುತ್ತದೆ.

ಕೈಗೆ ಬೇಕಾದವು: ಪ್ಲಾಸ್ಟಿಕ್ ಟ್ರಿಮ್ ಟೂಲ್ (ಒಳಹೊದಿಕೆ ಮೀಟಿ ತೆಗೆಯುವ ಚಪ್ಪಟೆ ಪಟ್ಟಿ), ಸ್ಕ್ರೂಡ್ರೈವರ್ ಮತ್ತು ಸ್ಪಾನರ್ ಸೆಟ್, ಟಾರ್ಕ್ಸ್ ಬಿಟ್ (ನಕ್ಷತ್ರದಾಕಾರದ ತಲೆಯ ಸ್ಕ್ರೂಗೆ), ಚೂಪು ಬ್ಲೇಡಿನ ಕಟ್ಟರ್, ಗಟ್ಟಿ ರೋಲರ್, ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಬಟ್ಟೆ, ತಲೆಗೆ ಕಟ್ಟುವ ಟಾರ್ಚ್, ಗ್ಲೌಸ್. ಗ್ಲೌಸ್ ಬೇಡ ಅನ್ನುವವರ ಬೆರಳಿಗೆ ಮೊದಲ ಅರ್ಧ ಗಂಟೆಯಲ್ಲೇ ಅಲ್ಯೂಮಿನಿಯಂ ಅಂಚು ಬುದ್ಧಿ ಕಲಿಸುತ್ತದೆ. ನಿಮ್ಮ ಮಾಡೆಲ್‌ಗೆ ಸರಿಹೊಂದುವ ಡೋರ್ ಕ್ಲಿಪ್ ಒಂದಿಷ್ಟು ಮೊದಲೇ ತಂದಿಟ್ಟುಕೊಳ್ಳಿ, ಎರಡಾದರೂ ಮುರಿಯುತ್ತವೆ. ಗಾಡಿ ತಣ್ಣಗಿದ್ದರೆ ಬ್ಯೂಟೈಲ್ ಹಿಡಿಯುವುದಿಲ್ಲ, 20 ಡಿಗ್ರಿಗಿಂತ ಮೇಲಿದ್ದರೆ ಒಳ್ಳೆಯದು. ಚಳಿಗಾಲವಾದರೆ ಹೇರ್ ಡ್ರೈಯರ್‌ನಿಂದ ತಗಡನ್ನೂ ಶೀಟನ್ನೂ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ.

ಬಾಗಿಲು

ಮೊದಲ ಸಲ ಮಾಡುವವರು ಬಾಗಿಲಿನಿಂದ ಶುರು ಮಾಡಿ, ಅದರಲ್ಲೂ ಹಿಂದಿನ ಬಾಗಿಲಿನಿಂದ. ಕೈ ಕುದುರಿದ ಮೇಲೆ ಡ್ರೈವರ್ ಕಡೆಗೆ ಬನ್ನಿ, ಅಲ್ಲಿ ವೈರ್, ಸ್ವಿಚ್ ಜಾಸ್ತಿ.

ಗಾಜು ಪೂರ್ತಿ ಏರಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹತ್ತು ನಿಮಿಷ ಬಿಡಿ. ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ಅದರ ಸ್ಕ್ರೂಗಳು ಕಣ್ಣಿಗೆ ಕಾಣುವುದಿಲ್ಲ. ಒಳ ಹ್ಯಾಂಡಲ್ ಹಿಂದಿನ ಪುಟ್ಟ ಮುಚ್ಚಳದ ಕೆಳಗೆ ಒಂದು, ಕೈ ಹಾಕಿ ಬಾಗಿಲು ಎಳೆಯುವ ಗುಳಿಯ ತಳದಲ್ಲಿ ಒಂದೋ ಎರಡೋ, ಕೆಲವು ಗಾಡಿಗಳಲ್ಲಿ ಅಂಚಿನಲ್ಲೂ ಇರುತ್ತವೆ. ಎಲ್ಲ ಬಿಚ್ಚಿದ ಮೇಲೆ ಕೆಳಮೂಲೆಯಲ್ಲಿ ಟ್ರಿಮ್ ಟೂಲ್ ತೂರಿಸಿ, ಕ್ಲಿಪ್ ಇರುವ ಜಾಗದ ಪಕ್ಕದಲ್ಲೇ ಹಿಡಿದು ಎಳೆಯಿರಿ. ಟಪ್ ಅಂತ ಬಿಡುತ್ತದೆ. ಮೊದಲ ಟಪ್‌ಗೆ ಎದೆ ಝಲ್ ಅನ್ನುತ್ತದೆ, ಪರವಾಗಿಲ್ಲ, ಅದು ಮುರಿದ ಸದ್ದಲ್ಲ. ಕೆಳಗೂ ಪಕ್ಕದಲ್ಲೂ ಬಿಟ್ಟ ಮೇಲೆ ಪ್ಯಾಡನ್ನು ಮೇಲಕ್ಕೆ ಎತ್ತಬೇಕು, ಗಾಜಿನ ಅಂಚಿಗೆ ಅದು ಸಿಕ್ಕಿಸಿಕೊಂಡಿರುತ್ತದೆ. ಪೂರ್ತಿ ಎಳೆಯಬೇಡಿ, ಹಿಂದೆ ಹ್ಯಾಂಡಲ್ ಕೇಬಲ್, ಕನೆಕ್ಟರ್ ಇವೆ. ಫೋನಿನಲ್ಲಿ ಫೋಟೋ ತೆಗೆದುಕೊಂಡು ಒಂದೊಂದಾಗಿ ಬಿಡಿಸಿ. ಪ್ಯಾಡನ್ನು ವೈರಿನ ಮೇಲೆ ಜೋತುಬಿಡಬೇಡಿ.

ಈಗ ಕಾಣುವುದು ಒಂದು ಪ್ಲಾಸ್ಟಿಕ್ ಹಾಳೆ, ಸುತ್ತಲೂ ಕರಿ ಅಂಟಿನ ಹುರಿ. ಇದನ್ನು ಸುಮ್ನೆ ಪ್ಯಾಕಿಂಗ್ ಅಂದುಕೊಂಡು ಹರಿದು ಬಿಸಾಕುವವರಿದ್ದಾರೆ. ಗಾಜಿನ ಪಕ್ಕದಿಂದ ಮಳೆನೀರು ಬಾಗಿಲಿನ ಒಳಗೆ ಇಳಿಯುವುದು ಸಹಜ, ಅದು ತಳದ ತೂತುಗಳಿಂದ ಹೊರಗೆ ಹೋಗುತ್ತದೆ. ಆ ನೀರು ಕಾರಿನೊಳಗೆ ಬರದ ಹಾಗೆ ತಡೆಯುವುದು ಈ ಹಾಳೆ. ಅಂಟನ್ನು ಬ್ಲೇಡಿನಿಂದ ಮೆಲ್ಲಗೆ ಸೀಳುತ್ತಾ ಬಂದು, ಹಾಳೆಯನ್ನು ಮೇಲಕ್ಕೆ ಸುತ್ತಿ ಮಾಸ್ಕಿಂಗ್ ಟೇಪ್‌ನಿಂದ ನಿಲ್ಲಿಸಿ.

ಗಾಜು ಪೂರ್ತಿ ಮೇಲಿರಲಿ. ಬ್ಯಾಟರಿ ತೆಗೆಯುವ ಮೊದಲೇ ಏರಿಸಿರಬೇಕು, ಆಮೇಲೆ ಆಗುವುದಿಲ್ಲ. ಒಳಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಮಣ್ಣು ಕೂತಿರುತ್ತದೆ, ನೀರು ಹೋಗುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ. ಹೊರತಗಡಿನ ಒಳಮೈಯನ್ನು ಮೊದಲು ಒಣ ಬಟ್ಟೆಯಿಂದ, ಆಮೇಲೆ ಆಲ್ಕೋಹಾಲ್ ಬಟ್ಟೆಯಿಂದ, ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವವರೆಗೆ ಒರೆಸಿ. ಈ ಒರೆಸುವ ಕೆಲಸದಲ್ಲಿ ಸೋಮಾರಿತನ ಮಾಡಿದರೆ ಶೀಟ್ ಅಂಟುವುದು ಧೂಳಿಗೆ, ತಗಡಿಗಲ್ಲ.

ಶೀಟನ್ನು ಹೊರಗೇ ಕತ್ತರಿಸಿಕೊಳ್ಳಿ. ದೊಡ್ಡ ತುಂಡು ಒಳಗೆ ತೂರಿಸಲು ಹೋದರೆ ಬೇಡದ ಕಡೆ ಅಂಟಿಕೊಂಡು ರಂಪ ಮಾಡುತ್ತದೆ, ಎ4 ಕಾಗದದಷ್ಟು ಅಥವಾ ಇನ್ನೂ ಚಿಕ್ಕದು ಸಾಕು. ಹಿಂದಿನ ಕಾಗದವನ್ನು ಒಂದು ಅಂಚಿನಲ್ಲಿ ಮಾತ್ರ ಎರಡು ಬೆರಳಗಲ ಬಿಡಿಸಿ, ಆ ಅಂಚನ್ನು ತಗಡಿಗೆ ಕೂರಿಸಿ, ಉಳಿದ ಕಾಗದ ಎಳೆಯುತ್ತಾ ಅಂಗೈಯಿಂದ ಸವರುತ್ತಾ ಹೋಗಿ. ಆಮೇಲೆ ರೋಲರ್. ನಡುವಿನಿಂದ ಅಂಚಿಗೆ, ಬಲ ಹಾಕಿ ಒತ್ತಿ. ಶೀಟಿನ ಮೇಲೆ ಉಬ್ಬು ಚೌಕಳಿ ಇರುತ್ತದಲ್ಲ, ಅದು ಸಪಾಟಾಗಿ ಮಾಯವಾಗುವವರೆಗೂ ಒತ್ತಬೇಕು. ಚೌಕಳಿ ಇನ್ನೂ ಕಾಣುತ್ತಿದ್ದರೆ ಕೆಳಗೆ ಗಾಳಿ ಇದೆ, ಆ ಜಾಗ ಕೆಲಸ ಮಾಡುತ್ತಿಲ್ಲ. ಗುಳ್ಳೆ ಎದ್ದರೆ ಬ್ಲೇಡಿನ ತುದಿಯಿಂದ ಚುಚ್ಚಿ ಒತ್ತಿಬಿಡಿ. ಎರಡು ಮೂರು ತುಂಡು ಆದ ಮೇಲೆ ಹೊರಗಿನಿಂದ ಮತ್ತೆ ಕುಟ್ಟಿ ಕೇಳಿ. ದಬ್ ಅಂದರೆ ಆ ಬಾಗಿಲಿಗೆ ಅಷ್ಟೇ ಸಾಕು, ಮಿಕ್ಕಿದ್ದನ್ನು ಮುಂದಿನದಕ್ಕೆ ಇಟ್ಟುಕೊಳ್ಳಿ. ಸ್ಪೀಕರ್ ಹಿಂದಿನ ಹೊರತಗಡಿಗೆ ಒಂದು ತುಂಡು ತಪ್ಪಿಸಬೇಡಿ, ಹಾಡಿನ ಬಾಸ್ ಅಲ್ಲೇ ಬಿಗಿಯಾಗುತ್ತದೆ.

ಎಲ್ಲಿ ಅಂಟಿಸಬಾರದು ಅನ್ನುವುದು ಎಲ್ಲಿ ಅಂಟಿಸಬೇಕು ಅನ್ನುವುದಕ್ಕಿಂತ ಮುಖ್ಯ. ಗಾಜು ಇಳಿಯುವ ಹಳಿ, ಲಾಕ್ ರಾಡ್, ಕೇಬಲ್, ತಳದ ತೂತು, ವೈರಿನ ಕ್ಲಿಪ್ ಯಾವುದನ್ನೂ ಮುಟ್ಟಬೇಡಿ. ಕೆಲವು ಕಾರುಗಳ ಮುಂದಿನ ಬಾಗಿಲಿನಲ್ಲಿ ಗಾಳಿಯ ಒತ್ತಡ ನೋಡುವ ಸೆನ್ಸರ್ ಇರುತ್ತದೆ. ಅಪಘಾತವಾದಾಗ ಬಾಗಿಲೊಳಗಿನ ಒತ್ತಡ ಥಟ್ಟನೆ ಏರುವುದನ್ನು ಹಿಡಿದು ಪಕ್ಕದ ಏರ್‌ಬ್ಯಾಗ್ ಬಿಡಿಸುವುದು ಅದೇ. ಅಂಥ ಬಾಗಿಲಿನಲ್ಲಿ ಕಂಪನಿ ಮುಚ್ಚಿದ ತೂತು ತೆರೆಯಬೇಡಿ, ತೆರೆದಿಟ್ಟದ್ದನ್ನು ಮುಚ್ಚಬೇಡಿ.

ಒಳತಗಡಿನ ದೊಡ್ಡ ತೂತುಗಳನ್ನೆಲ್ಲ ಬ್ಯೂಟೈಲ್‌ನಿಂದ ಮುಚ್ಚಿ ಬಾಗಿಲನ್ನು ಸ್ಪೀಕರ್ ಬಾಕ್ಸ್ ಮಾಡುವವರಿದ್ದಾರೆ. ಹಾಡಿಗೆ ಒಳ್ಳೆಯದೇ. ಆದರೆ ಪವರ್ ವಿಂಡೋ ಮೋಟರ್ ಕೆಟ್ಟ ದಿನ ಅದನ್ನೆಲ್ಲ ಕಿತ್ತು, ಕೈಮೈಗೆಲ್ಲ ಕರಿ ಅಂಟು ಮೆತ್ತಿಸಿಕೊಳ್ಳಬೇಕು. ನನಗಂತೂ ಮೂಲ ಹಾಳೆಯನ್ನೇ ವಾಪಸ್ ಅಂಟಿಸಿ, ಒಳತಗಡಿನ ಖಾಲಿ ಜಾಗಕ್ಕೆ ಒಂದೆರಡು ತುಂಡು ಹಾಕಿ, ಪ್ಯಾಡಿನ ಹಿಂದೆ ತೆಳು ಫೋಮ್ ಇಡುವುದೇ ಸರಿ ಅನ್ನಿಸುತ್ತದೆ. ಹಳೇ ಅಂಟಿನ ಹುರಿ ಒಣಗಿದ್ದರೆ ಹೊಸ ಬ್ಯೂಟೈಲ್ ಹುರಿ ಸಿಗುತ್ತದೆ, ಅದನ್ನು ಸುತ್ತಲೂ ಬಿಡದೆ ಹಾಕಿ.

ಪ್ಯಾಡ್ ಕೂರಿಸುವ ಮೊದಲು ಕನೆಕ್ಟರ್ ಎಲ್ಲ ಹಾಕಿ, ಬ್ಯಾಟರಿ ಜೋಡಿಸಿ, ಗಾಜು ಪೂರ್ತಿ ಇಳಿಸಿ ಏರಿಸಿ ನೋಡಿ. ಲಾಕ್, ಒಳ ಹ್ಯಾಂಡಲ್, ಹೊರ ಹ್ಯಾಂಡಲ್ ಮೂರೂ ನೋಡಿ. ಬಾಗಿಲು ಮುಚ್ಚಿ ನೋಡುವ ಮುನ್ನ ಬೀಗದ ಕೈ ಜೇಬಿನಲ್ಲಿರಲಿ.

ಡಿಕ್ಕಿ ಮತ್ತು ಹಿಂದಿನ ಚಕ್ರದ ಮೇಲ್ಭಾಗ

ದುಡ್ಡು, ಸಮಯ ಎರಡೂ ಕಡಿಮೆ ಇದ್ದರೆ, ಹ್ಯಾಚ್‌ಬ್ಯಾಕ್ ಅಥವಾ ಎಸ್‌ಯುವಿ ಇದ್ದರೆ, ಬೇರೆಲ್ಲ ಬಿಟ್ಟು ಇದನ್ನು ಮಾಡಿ. ಅಂಥ ಗಾಡಿಗಳಲ್ಲಿ ಡಿಕ್ಕಿಗೂ ಕೂರುವ ಜಾಗಕ್ಕೂ ನಡುವೆ ಗೋಡೆಯೇ ಇಲ್ಲ. ಹಿಂದಿನ ಟೈರ್ ಸದ್ದು ಚಕ್ರದ ಮೇಲಿನ ಉಬ್ಬಿನ ತಗಡಿನಿಂದ ನೇರ ಒಳಗೆ ಬರುತ್ತದೆ, ಮೇಲೆ ಇರುವುದು ಒಂದು ಪ್ಲಾಸ್ಟಿಕ್ ಅಥವಾ ತೆಳು ಕಾರ್ಪೆಟ್ ಮಾತ್ರ. ಶ್ರಮಕ್ಕೆ ಸಿಗುವ ಫಲ ಇಲ್ಲೇ ಜಾಸ್ತಿ.

ಸ್ಟೆಪ್ನಿ ತೆಗೆದು ಅದರ ಗುಂಡಿಯ ತಗಡಿಗೂ, ಚಕ್ರದ ಉಬ್ಬಿಗೂ ಬ್ಯೂಟೈಲ್ ಹಾಕಿ. ಉಬ್ಬು ಗುಂಡಾಗಿರುವುದರಿಂದ ಪಟ್ಟಿ ಪಟ್ಟಿಯಾಗಿ ಕತ್ತರಿಸಿದರೆ ಸುಕ್ಕು ಬರುವುದಿಲ್ಲ. ಮೇಲೆ ಫೋಮ್, ಸಾಧ್ಯವಾದರೆ ಎಂಎಲ್‌ವಿ, ಪಕ್ಕದ ಖಾಲಿ ಜಾಗಕ್ಕೆ ಪಾಲಿಯೆಸ್ಟರ್ ಫೆಲ್ಟ್. ಡಿಕ್ಕಿಯ ಪಕ್ಕದಲ್ಲಿ, ಬಂಪರ್ ಹಿಂದೆ, ರಬ್ಬರ್ ರೆಕ್ಕೆಗಳಿರುವ ಒಂದು ಚೌಕ ಜಾಲರಿ ಕಾಣಬಹುದು. ಕಾರಿನೊಳಗಿನ ಗಾಳಿ ಹೊರಗೆ ಹೋಗುವುದು ಅಲ್ಲಿಂದ. ಅದನ್ನು ಮುಚ್ಚಿದರೆ ಬಾಗಿಲು ಹಾಕುವಾಗ ಕಿವಿ ಕಟ್ಟಿದ ಹಾಗೆ ಆಗುತ್ತದೆ, ಗಾಜಿನ ಮೇಲೆ ಮಂಜು ಕೂರುತ್ತದೆ. ಸುತ್ತ ಒಂದು ಕೈಯಗಲ ಖಾಲಿ ಬಿಡಿ.

ಡಿಕ್ಕಿ ಬಾಗಿಲಿಗೆ ಭಾರ ಜಾಸ್ತಿ ಹಾಕಬೇಡಿ, ಅದನ್ನು ಎತ್ತಿ ಹಿಡಿಯುವ ಗ್ಯಾಸ್ ರಾಡ್ ಸೋತುಬಿಡುತ್ತದೆ. ನಂಬರ್ ಪ್ಲೇಟ್ ಹಿಂದೆ ನಾಲ್ಕು ಚೂರು ಫೋಮ್ ಟೇಪ್ ಹಾಕಿ. ಹಿಂದಿನಿಂದ ಬರುವ ಕಟಕಟಕ್ಕೆ ಎಷ್ಟೋ ಸಲ ಅದೇ ಕಾರಣ.

ನೆಲ

ಇದು ದೊಡ್ಡ ಕೆಲಸ, ವಾರಾಂತ್ಯ ಪೂರ್ತಿ ಹಿಡಿಯುತ್ತದೆ. ಸೀಟು ಬಿಚ್ಚಬೇಕು, ನಡುವಿನ ಕನ್ಸೋಲ್ ಬಿಚ್ಚಬೇಕು, ಕಾರ್ಪೆಟ್ ಎತ್ತಬೇಕು. ಸೀಟಿನ ಕೆಳಗಿರುವ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು ಅಥವಾ ಬೆಲ್ಟಿನದು. ಬ್ಯಾಟರಿ ಬಿಚ್ಚಿ ಹತ್ತು ನಿಮಿಷ ಕಾಯದೆ ಅದನ್ನು ಮುಟ್ಟಬೇಡಿ, ಅದು ಬಿಚ್ಚಿರುವಾಗ ಇಗ್ನಿಷನ್ ಆನ್ ಮಾಡಬೇಡಿ, ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿಕೊಂಡು ಸ್ಕ್ಯಾನರ್ ಹಾಕಿಸುವವರೆಗೂ ಆರುವುದಿಲ್ಲ. ಸೀಟಿನ ಬೋಲ್ಟ್, ಬೆಲ್ಟಿನ ಬೋಲ್ಟ್ ವಾಪಸ್ ಹಾಕುವಾಗ ಕೈ ಅಂದಾಜು ಸಾಲದು. ಮ್ಯಾನ್ಯುಯಲ್‌ನಲ್ಲಿರುವ ಬಿಗಿತಕ್ಕೆ ಟಾರ್ಕ್ ರೆಂಚ್ ಬಳಸಿ.

ಕಾರ್ಪೆಟ್ ಎತ್ತಿದಾಗ ಕಂಪನಿಯೇ ಹಾಕಿದ ಗಟ್ಟಿ ಡಾಂಬರು ತುಂಡುಗಳು ಅಲ್ಲಲ್ಲಿ ಕಾಣುತ್ತವೆ. ತಗಡಿಗೆ ಚೆನ್ನಾಗಿ ಕೂತಿದ್ದರೆ ಕೀಳಬೇಡಿ, ಕೆಲಸ ಮಾಡುತ್ತಿವೆ. ಕುಟ್ಟಿ ನೋಡಿ, ಠಣ್ ಅನ್ನುವ ಜಾಗಕ್ಕೆ ಮಾತ್ರ ನಿಮ್ಮ ಶೀಟ್. ನೆಲದ ತಗಡು ಉಬ್ಬುತಗ್ಗಿನಿಂದ ಮೊದಲೇ ಗಟ್ಟಿ, ಅಲ್ಲಿ ಬ್ಯೂಟೈಲ್‌ಗಿಂತ ಫೋಮ್ ಮೇಲೆ ಎಂಎಲ್‌ವಿ ಹಾಸುವುದೇ ಹೆಚ್ಚು ಲಾಭ. ಕಾಲಿಡುವ ಜಾಗದಿಂದ ಮೇಲಕ್ಕೆ, ಎಂಜಿನ್ ಕಡೆಯ ಗೋಡೆಗೆ ಕೈ ಹೋಗುವಷ್ಟು ಎತ್ತರಕ್ಕೆ ಹಾಸಿ. ಪೆಡಲ್ ಪೂರ್ತಿ ಒತ್ತಲು ಆಗುತ್ತದಾ, ಆಕ್ಸಿಲರೇಟರ್ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲವಾ ಅಂತ ಕಾರ್ಪೆಟ್ ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ನೆಲದ ರಬ್ಬರ್ ಬಿರಡೆಗಳನ್ನು ಹಾಗೇ ಬಿಡಿ. ತಗಡು ತೇವವಾಗಿದ್ದರೆ, ತುಕ್ಕಿದ್ದರೆ ಅಲ್ಲಿಗೇ ನಿಲ್ಲಿಸಿ. ನೀರು ಎಲ್ಲಿಂದ ಬಂತು ಅಂತ ಹುಡುಕಿ, ಸರಿಮಾಡಿ, ಒಣಗಿಸಿ, ಆಮೇಲೆ ಮುಂದಿನ ಮಾತು.

ಚಾವಣಿ ಮತ್ತು ಬಾನೆಟ್

ಮಳೆ ಬಿದ್ದಾಗ ಮಾತೇ ಕೇಳದಷ್ಟು ತಡತಡ ಅನ್ನುತ್ತಿದ್ದರೆ ಮಾತ್ರ ಚಾವಣಿಗೆ ಕೈ ಹಾಕಿ. ಹೆಡ್‌ಲೈನರ್, ಅಂದರೆ ಚಾವಣಿಯ ಒಳಹೊದಿಕೆ, ಇಳಿಸುವುದು ನಾಜೂಕು ಕೆಲಸ, ಒಮ್ಮೆ ಮಡಚಿದರೆ ಗೆರೆ ಹೋಗುವುದಿಲ್ಲ. ಅಂಚಿನ ಉದ್ದಕ್ಕೂ ಕರ್ಟನ್ ಏರ್‌ಬ್ಯಾಗ್ (ಕಿಟಕಿಯ ಮುಂದೆ ಪರದೆಯಂತೆ ಇಳಿಯುವುದು) ಇದ್ದರೆ ಅದರ ದಾರಿಗೆ ಒಂದು ಚೂರು ಫೋಮ್ ಕೂಡ ಹೋಗಬಾರದು. ಪಟ್ಟಿಗಳ ನಡುವಿನ ಖಾಲಿ ತಗಡಿಗೆ ಒಂದೊಂದು ತೆಳು ಬ್ಯೂಟೈಲ್ ತುಂಡು ಸಾಕು, ಎರಡು ಪದರ ಬೇಡ. ಅಲ್ಲಿನ ಬಿಸಿಗೆ ಅಂಟು ಸೋತರೆ ಎಲ್ಲ ತಲೆ ಮೇಲೆ ಬರುತ್ತದೆ. ಇದನ್ನು ಗೊತ್ತಿದ್ದವರ ಕೈಯಲ್ಲಿ ಮಾಡಿಸಿದರೂ ತಪ್ಪಿಲ್ಲ.

ಬಾನೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಾನೆಟ್ ಅಡಿ ಹಾಕಿದ್ದು ಹೊರಗೆ ನಿಂತವರಿಗೆ ಸದ್ದು ಕಡಿಮೆ ಮಾಡುತ್ತದೆ, ಒಳಗೆ ಕೂತವರಿಗೆ ಅಷ್ಟೇನಿಲ್ಲ. ಹಾಕುವುದಾದರೆ ಎಂಜಿನ್ ಜಾಗಕ್ಕೆಂದೇ ಮಾಡಿದ, ಬೆಂಕಿ ಹತ್ತದ ಸಾಮಾನು ಹಾಕಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ (ಎಂಜಿನ್ ಹೊಗೆ ಹೊರಬರುವ ಬಿಸಿ ಕೊಳವೆ) ದೂರ ಇರಲಿ. ಬೇರೆ ಕಡೆ ಮಿಕ್ಕಿದ ಫೋಮ್ ಇಲ್ಲಿ ತುರುಕಬೇಡಿ.

ಗಾಳಿಯ ಸುಯ್ಲಿಗೆ

ಒಂದು ಕಾಗದದ ಪಟ್ಟಿ ತಗೊಂಡು ಬಾಗಿಲಿನ ಬೀಡಿಂಗ್ ಮೇಲಿಟ್ಟು ಬಾಗಿಲು ಮುಚ್ಚಿ, ಪಟ್ಟಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದಿ ಇದೆ. ಬಾಗಿಲಿನ ಸುತ್ತ, ಮುಖ್ಯವಾಗಿ ಮಿರರ್ ಹತ್ತಿರದ ಮೂಲೆಯಲ್ಲಿ ಮತ್ತು ಮೇಲಂಚಿನಲ್ಲಿ ಹೀಗೆ ನೋಡುತ್ತಾ ಹೋಗಿ. ಬೀಡಿಂಗ್ ಬರೀ ಒಣಗಿ ಗಡುಸಾಗಿದ್ದರೆ ತೊಳೆದು ಸಿಲಿಕಾನ್ ಗ್ರೀಸ್ ಸವರಿ. ಹರಿದಿದ್ದರೆ, ಚಪ್ಪಟೆಯಾಗಿದ್ದರೆ ಹೊಸದು ಹಾಕಿಸಿ. ಬಾಗಿಲೇ ಸ್ವಲ್ಪ ಜೋತಿದ್ದರೆ ಲಾಕ್ ಕೊಂಡಿಯನ್ನು ಒಂದೆರಡು ಮಿಮೀ ಒಳಕ್ಕೆ ಸರಿಸಿದರೂ ಸರಿಹೋಗುವುದುಂಟು. ಮೇಲೆ ಲಗೇಜ್ ಕ್ಯಾರಿಯರ್ ಇದ್ದರೆ ಅದನ್ನು ತೆಗೆದು ಒಮ್ಮೆ ಓಡಿಸಿ ನೋಡಿ, ನಿಮ್ಮ ಅರ್ಧ ಸುಯ್ ಅಲ್ಲೇ ಇರಬಹುದು.

ಕಟಕಟ, ಕಿರಿಕಿರಿಗೆ ವೈರಿಗೆ ಸುತ್ತುವ ಬಟ್ಟೆ ಟೇಪ್ ಸಾಕು. ಪ್ಯಾಡ್ ಬಿಚ್ಚಿದ್ದಾಗಲೇ ಒಳಗೆ ಅಲ್ಲಾಡುವ ವೈರ್, ರಾಡ್, ಪ್ಲಾಸ್ಟಿಕ್ ಪ್ಲಾಸ್ಟಿಕ್‌ಗೆ ಉಜ್ಜುವ ಅಂಚು ಎಲ್ಲಕ್ಕೂ ಸುತ್ತಿಬಿಡಿ. ಇದನ್ನೇ ಮಾಡಲು ಆಮೇಲೆ ಪ್ಯಾಡ್ ಮತ್ತೆ ಬಿಚ್ಚುವುದು ಬೇಜಾರಿನ ಕೆಲಸ, ಅಲ್ವಾ.

ಅಳೆದು ನೋಡಬೇಕು ಅನ್ನುವವರು

ಫೋನಿನ ಡೆಸಿಬಲ್ ಆ್ಯಪ್ ಸಾಕು, ಅದು ತೋರಿಸುವ ಅಂಕಿಯನ್ನು ನಂಬಬೇಡಿ, ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸ ಮಾತ್ರ ನೋಡಿ. ಅದೇ ರಸ್ತೆ, ಅದೇ ವೇಗ, ಅದೇ ಗೇರ್, ಫೋನ್ ಇಟ್ಟ ಜಾಗವೂ ಅದೇ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧ ಆದ ಹಾಗೆ, ಆದರೆ ಮನೆಯಲ್ಲಿ ಮಾಡಿದ ಕೆಲಸದಿಂದ ಅಷ್ಟು ಬರುವುದಿಲ್ಲ. 3 ಡೆಸಿಬಲ್ ಇಳಿದರೂ ಸದ್ದಿನ ಶಕ್ತಿ ಅರ್ಧವಾಗಿದೆ ಅಂತ ಲೆಕ್ಕ, ಸಂತೋಷಪಡಿ. ಈ ಆ್ಯಪ್‌ಗಳು ಹೆಚ್ಚಾಗಿ ಕಿವಿಯ ಸೂಕ್ಷ್ಮತೆಗೆ ಹೊಂದಿಸಿ ಕೆಳಗಿನ ಗುಂ ಸದ್ದನ್ನು ಕಡಿಮೆ ಲೆಕ್ಕ ಹಾಕುತ್ತವೆ. ಹಾಗಾಗಿ ಅಂಕಿ ಒಂದೆರಡೇ ಇಳಿದರೂ ದೂರ ಓಡಿಸಿದಾಗ ತಲೆಭಾರ ಕಡಿಮೆ ಅನ್ನಿಸಬಹುದು. ಇನ್ನೊಂದು, ಒಂದು ಸದ್ದು ಇಳಿದ ಕೂಡಲೇ ಅದರ ಹಿಂದೆ ಅಡಗಿದ್ದ ಇನ್ನೊಂದು ಕೇಳತೊಡಗುತ್ತದೆ. ಹೊಸದಾಗಿ ಹುಟ್ಟಿದ್ದಲ್ಲ, ಮೊದಲೇ ಇತ್ತು. ಅದಕ್ಕೆ ಹೆದರಿ ಮತ್ತೆ ಎಲ್ಲ ಬಿಚ್ಚಲು ಹೋಗಬೇಡಿ.

ಕೆಲಸ ಮುಗಿದ ಮೇಲಿನ ಮೊದಲ ಜೋರು ಮಳೆ ಅಥವಾ ವಾಟರ್ ವಾಶ್ ಆದ ಕೂಡಲೇ ನಾಲ್ಕೂ ಬಾಗಿಲ ಬಳಿ ಕಾರ್ಪೆಟ್ ಅಡಿಗೆ ಕೈ ಹಾಕಿ ನೋಡಿ. ಒಣಗಿದ್ದರೆ ಸರಿ. ತೇವ ಇದ್ದರೆ ಆ ಬಾಗಿಲಿನ ಪ್ಲಾಸ್ಟಿಕ್ ಹಾಳೆ ಎಲ್ಲೋ ಬಾಯಿ ಬಿಟ್ಟಿದೆ, ಹೆಚ್ಚಾಗಿ ಕೆಳ ಅಂಚಿನಲ್ಲೇ. ಪ್ಯಾಡ್ ತೆಗೆದು ಅಲ್ಲಿ ಇನ್ನೊಂದು ಸುತ್ತು ಬ್ಯೂಟೈಲ್ ಹುರಿ ಒತ್ತಿ, ಕಾರ್ಪೆಟ್ ಎತ್ತಿ ಒಂದು ದಿನ ಬಿಸಿಲಿಗೆ ಬಾಗಿಲು ತೆರೆದಿಡಿ.